ಬದುವಿನ ಜಗಳಕ್ಕೆ ತಮ್ಮನ ಮೇಲೆ ಎಫ್‌ಐಆರ್: ಅನುಭವ ಇರುವವರು ದಯವಿಟ್ಟು ಹೇಳಿ

ಪ್ರಶ್ನೆ: ನಮ್ಮದು ಹಾಸನ ಕಡೆಯ ಹಳ್ಳಿ. ಬದುವಿನ ವಿಚಾರಕ್ಕೆ ದಾಯಾದಿಗಳ ಜೊತೆ ಹೊಡೆದಾಟ ಆಯಿತು. ದೊಣ್ಣೆಯನ್ನೂ ಎತ್ತಿದ್ದಾರೆ. ತಮ್ಮನ ಮೇಲೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 115(2), 118(1), 351(2), 352 ಹಾಕಿದ್ದಾರೆ. ಠಾಣೆಗೆ ಬರಲು ನೋಟಿಸ್ ಕೊಟ್ಟಿದ್ದಾರೆ. ಅವನು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾನೆ. ಅರೆಸ್ಟ್ ಮಾಡ್ತಾರಾ? ನಿರೀಕ್ಷಣಾ ಜಾಮೀನು (ಅರೆಸ್ಟ್‌ಗೆ ಮೊದಲೇ ಪಡೆಯುವ ಜಾಮೀನು) ಬೇಕಾ? ಅವರು ದೂರು ವಾಪಸ್ ತಗೊಂಡರೆ ಮುಗಿಯುತ್ತಾ?

ಉತ್ತರ 1: ಅಕ್ಕಾ, ನಮ್ಮ ಮನೆಯಲ್ಲೂ ಇಂಥದ್ದೇ ಕೇಸ್ ನಡೆದಿದೆ. ಮೊದಲು ನೋಡಬೇಕಾದ್ದು ಸೆಕ್ಷನ್. ನೀವು ಬರೆದವುಗಳಲ್ಲಿ 115(2), 351(2), 352 ಜಾಮೀನು ಸಿಗುವಂಥವು, ಆದರೆ 118(1) ಜಾಮೀನುರಹಿತ. ಹಳೇ ಐಪಿಸಿಯ 323 (ಹೊಡೆದು ಗಾಯ), 324 (ಆಯುಧದಿಂದ ಗಾಯ), 506 (ಬೆದರಿಕೆ), 504 (ಕೆಣಕುವ ಅವಮಾನ) ಇವು. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಜಾಮೀನು ಸಿಗುವ ಆ ಮೂರರಲ್ಲಿ ಜಾಮೀನು ಆರೋಪಿಯ ಹಕ್ಕು, ಠಾಣೆಯಲ್ಲೇ ಕೊಡಬೇಕು. ನಿರೀಕ್ಷಣಾ ಜಾಮೀನು ಇರುವುದು ಜಾಮೀನುರಹಿತ ಅಪರಾಧಗಳಿಗೆ, 118(1) ಇರುವುದರಿಂದ ಅದು ಬೇಕಾ ಅಂತ ಎಫ್‌ಐಆರ್ ತೋರಿಸಿ ವಕೀಲರನ್ನು ಕೇಳಿ.  

ಇನ್ನೊಂದು ವಿಷಯದ ಮೇಲೂ ಕಣ್ಣಿಡಿ. ಎದುರಿನವರ ಗಾಯದ ಸರ್ಟಿಫಿಕೇಟ್‌ನಲ್ಲಿ ಮೂಳೆ ಮುರಿದಿದೆ ಅಂತ ಬಂದರೆ 118(2) ಸೇರಿಸಬಹುದು. ಅದೂ ಜಾಮೀನುರಹಿತ, ಶಿಕ್ಷೆಯೂ ಹೆಚ್ಚು. ಆಗಂತೂ ತಡ ಮಾಡದೆ ನಿರೀಕ್ಷಣಾ ಜಾಮೀನಿಗೆ ಸೆಷನ್ಸ್ ಕೋರ್ಟಿಗೆ ಹೋಗಬೇಕು.

ನೋಟಿಸ್ ಬಹುಶಃ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ತನಿಖೆ-ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು) 35(3)ರದ್ದು. ಹೇಳಿದ ದಿನ ತಮ್ಮ ಹೋಗಲೇಬೇಕು. ಹೋಗಿ ಸಹಕರಿಸಿದರೆ ಸುಮ್ನೆ ಅರೆಸ್ಟ್ ಮಾಡುವ ಹಾಗಿಲ್ಲ, ಕಾರಣ ಬರೆದಿಡಬೇಕು. ಅವತ್ತು ಪರೀಕ್ಷೆ ಇದ್ದರೆ ಮೊದಲೇ ಬರೆದು ತಿಳಿಸಿ, ಸ್ವೀಕೃತಿ ತಗೊಳ್ಳಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಕಿಲ್ಲ. ಖಾಲಿ ಹಾಳೆಗಂತೂ ಯಾರು ಹೇಳಿದರೂ ಸಹಿ ಹಾಕಬಾರದು.

ಉತ್ತರ 2: ಎಫ್‌ಐಆರ್ ಪ್ರತಿಯನ್ನು ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಹುಡುಕಿ. ತನಿಖೆಯಲ್ಲಿ ಏನೂ ಸಿಗದಿದ್ದರೆ ಪೊಲೀಸರು ಬಿ ರಿಪೋರ್ಟ್ (ಕೇಸ್ ಮುಚ್ಚಲು ಕೋರ್ಟಿಗೆ ಕೊಡುವ ವರದಿ) ಹಾಕುತ್ತಾರೆ. ಚಾರ್ಜ್‌ಶೀಟ್ ಹಾಕಿದರೆ ಕೋರ್ಟಿನಿಂದ ಸಮನ್ಸ್ ಬರುತ್ತದೆ. ಚಾರ್ಜ್‌ಶೀಟಿನ ಪ್ರತಿ ಆರೋಪಿಗೆ ಪುಕ್ಕಟೆ. ಜಾಮೀನುದಾರರು ಪಹಣಿ, ಆಧಾರ್ ತರಬೇಕಾಗುತ್ತದೆ, ಈಗಲೇ ಯಾರನ್ನಾದರೂ ಮಾತಾಡಿಸಿಡಿ. ಕೇಳದೆ ಗೈರುಹಾಜರಾದರೆ ವಾರಂಟ್ ಆಗುತ್ತದೆ. ಬರಲಾಗದಿದ್ದರೆ ವಕೀಲರ ಮೂಲಕ ವಿನಾಯಿತಿ ಅರ್ಜಿ ಹಾಕಿಸಿ. ಮುಂದಿನ ದಿನಾಂಕವನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಬಹುದು.

ಉತ್ತರ 3: ಎಫ್‌ಐಆರ್ ಆದ ಮೇಲೆ ದೂರು ವಾಪಸ್ ಅನ್ನುವುದು ನಡೆಯುವುದಿಲ್ಲ. ಕೇಸ್ ನಡೆಸುವುದು ಸರ್ಕಾರ. ದಾರಿ ಅಂದರೆ ಕೋರ್ಟಿನಲ್ಲಿ ರಾಜಿ. 115(2), 351, 352 ರಾಜಿಯಾಗುತ್ತವೆ, ರಾಜಿಯಾದರೆ ಕಾನೂನಿನ ಲೆಕ್ಕದಲ್ಲಿ ಅದು ಖುಲಾಸೆಯೇ. ತೊಡಕು 118(1)ರದ್ದು, ಅದು ಆ ಪಟ್ಟಿಯಲ್ಲಿಲ್ಲ. ಇಬ್ಬರೂ ಒಪ್ಪಿದರೆ ಹೈಕೋರ್ಟಿನಲ್ಲಿ ಬಿಎನ್‌ಎಸ್‌ಎಸ್ 528ರಡಿ ಕೇಸ್ ರದ್ದು ಕೇಳಬಹುದು. ಊರ ಹಿರಿಯರ ಮುಂದೆ ಬರೆದುಕೊಂಡ ಪತ್ರ ಒಂದರಿಂದಲೇ ಕೇಸ್ ಮುಗಿಯುವುದಿಲ್ಲ, ನೆನಪಿಡಿ.

ಉತ್ತರ 4: ಕೆಲಸದ ಬಗ್ಗೆ ಹೇಳುತ್ತೇನೆ. ಪರಿಶೀಲನಾ ಫಾರಂನಲ್ಲಿ ಕೇಸ್ ಇದೆಯಾ ಅಂತ ಕೇಳಿದರೆ ಇದೆ ಅಂತಲೇ ಬರೆಯಲಿ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಸಿಕ್ಕ ಕೆಲಸವೂ ಹೋಗಬಹುದು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ವಿವರವಾಗಿ ನೋಡಿದೆ. ಎಫ್‌ಐಆರ್ ಆಯಿತು ಅಂದ ಮಾತ್ರಕ್ಕೆ ಅವನು ಅಪರಾಧಿ ಅಲ್ಲ. ಓದು ಬಿಡುವುದು ಬೇಡ.

ಕೇಳಿದವರು: ಎಲ್ಲರಿಗೂ ಧನ್ಯವಾದ, ರಾತ್ರಿಯಿಂದ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ನಮ್ಮಪ್ಪನಿಗೂ ಪೆಟ್ಟಾಗಿದೆ. ನಾವೂ ದೂರು ಕೊಡಬಹುದಾ?

ಉತ್ತರ 1: ಖಂಡಿತ ಕೊಡಬಹುದು ಅಕ್ಕಾ. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಗಾಯ ದಾಖಲು ಮಾಡಿಸಿ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ನಡೆದದ್ದನ್ನಷ್ಟೇ ಬರೆಯಿರಿ. ವಕೀಲರ ಖರ್ಚು ಕಷ್ಟ ಅನ್ನಿಸಿದರೆ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಿ.