ರ‍್ಯಾಟ್ ಹೃದಯಕ್ಕೆ ಬಿಎನ್‌ಪಿ ಆಂಟಿಬಾಡಿ: ಬಳಸಿದವರು ಅನುಭವ ಹೇಳಿ

ಪ್ರಶ್ನೆ, ಮೈಸೂರಿನಿಂದ: ಐಸೊಪ್ರೆನಲಿನ್ ಕೊಟ್ಟು ಹೃದಯ ಸೋತ ರ‍್ಯಾಟ್‌ಗಳ ಮೇಲೆ ನನ್ನ ಪಿಎಚ್‌ಡಿ. ಪ್ಲಾಸ್ಮಾಗೆ ಎಲೈಸಾ (ಪ್ಲೇಟ್‌ನ ಬಾವಿಗಳಲ್ಲಿ ಬಣ್ಣ ನೋಡಿ ಅಳೆಯೋದು), ವೆಂಟ್ರಿಕಲ್‌ಗೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬೇರೆ ಮಾಡಿ ಬ್ಯಾಂಡ್ ನೋಡೋದು). ಬಿಎನ್‌ಪಿ ಅಂದ್ರೆ ಸೋತ ಹೃದಯ ಹೆಚ್ಚು ಬಿಡುವ ಹಾರ್ಮೋನ್; ಅದನ್ನ ಹಿಡಿಯೋ ಆಂಟಿಬಾಡಿ ಎರಡಕ್ಕೂ ಬೇಕು. ಮಾನೋಕ್ಲೋನಲ್ಲಾ (ಒಂದೇ ಜಾಗ ಹಿಡಿಯೋ ಒಂದೇ ಬಗೆ), ಪಾಲಿಕ್ಲೋನಲ್ಲಾ (ಹಲವು ಜಾಗ ಹಿಡಿಯೋ ಬೆರಕೆ)? ಇರೋದು 60,000 ರೂಪಾಯಿ. ಎರಡನೇ ಸಲ ಕೊಳ್ಳೋಕೆ ಆಗಲ್ಲ.

ಬೆಂಗಳೂರಿನ ಪೋಸ್ಟ್‌ಡಾಕ್: ನನ್ನ ಕಥೆ ಕೇಳಿ. ಮಾನೋಕ್ಲೋನಲ್ ತಗೊಂಡೆ. 100 ಮೈಕ್ರೋಗ್ರಾಂಗೆ 52,000, ಅದರ ಮೇಲೆ ಜಿಎಸ್‌ಟಿ, ಡ್ರೈ ಐಸ್‌ಗೆ 4,500 ಬೇರೆ. ಇಂಡೆಂಟ್ ಹಾಕಿ ಕೈಗೆ ಬರೋಕೆ ಹದಿಮೂರು ವಾರ. ಡೇಟಾಶೀಟ್‌ನಲ್ಲಿ ಹ್ಯೂಮನ್ ಅಂತ ಮಾತ್ರ ಇತ್ತು. ರ‍್ಯಾಟ್‌ಗೂ ಆಗುತ್ತೆ ಅಂತ ಏಜೆಂಟ್ ಹೇಳಿದ, ನಂಬಿದೆ. ಎಎನ್‌ಪಿ (ಹೃದಯದ್ದೇ ಇನ್ನೊಂದು ಹಾರ್ಮೋನ್) ಆಗಿದ್ರೆ ನಡೀತಿತ್ತೇನೋ. ಮನುಷ್ಯನದಕ್ಕೂ ರ‍್ಯಾಟ್‌ನದಕ್ಕೂ ಒಂದೇ ಅಮೈನೊ ಆಮ್ಲದ ವ್ಯತ್ಯಾಸ. ಬಿಎನ್‌ಪಿ ಹಾಗಲ್ಲ. ನಮ್ಮದು 32 ಅಮೈನೊ ಆಮ್ಲ, ರ‍್ಯಾಟ್‌ನದು 45.

ಮೊದಲ ಬ್ಲಾಟ್‌ನಲ್ಲೇ 25 ಕಿಲೋಡಾಲ್ಟನ್ ಹತ್ತಿರ ದಪ್ಪ ಬ್ಯಾಂಡ್ ಬಂತು. ಸಕ್ಕರೆ ಅಂಟಿದ ಪ್ರೊಬಿಎನ್‌ಪಿ (ಕತ್ತರಿಸಿದಾಗ ಬಿಎನ್‌ಪಿ ಕೊಡೋ ಉದ್ದದ ಮೂಲ ಪ್ರೋಟೀನ್) ಅಂದುಕೊಂಡು ಲ್ಯಾಬ್ ಮೀಟಿಂಗ್‌ನಲ್ಲೂ ತೋರಿಸಿದೆ. ನಾಲ್ಕು ತಿಂಗಳು ಅದರ ಹಿಂದೆ ಬಿದ್ದೆ. ಕೊನೆಗೆ ಒಬ್ಬ ಜೂನಿಯರ್ ಹುಡುಗಿ ಪ್ರೈಮರಿ (ಬಿಎನ್‌ಪಿ ಹಿಡಿಯೋ ಆಂಟಿಬಾಡಿ) ಹಾಕದೆ ಬರೀ ಸೆಕೆಂಡರಿ (ಪ್ರೈಮರಿಯನ್ನ ಹಿಡಿದು ತೋರಿಸೋ ಆಂಟಿಬಾಡಿ) ಹಾಕಿ ನೋಡಿದಳು. ಅದೇ ಜಾಗ, ಅದೇ ದಪ್ಪ. ಹೃದಯದಲ್ಲಿ ಉಳಿದಿದ್ದ ರಕ್ತದ ಐಜಿಜಿ ಅದು, ಅಂದ್ರೆ ಪ್ರಾಣಿಯ ಸ್ವಂತ ಆಂಟಿಬಾಡಿ. ಮೌಸ್‌ನ ಪ್ರೈಮರಿ ಹಿಡಿಯಲಿ ಅಂತ ಹಾಕಿದ ಆಂಟಿ-ಮೌಸ್ ಸೆಕೆಂಡರಿ ರ‍್ಯಾಟ್ ಐಜಿಜಿಯ 25ರ ಸುಮಾರಿನ ಸಣ್ಣ ತುಂಡನ್ನೇ, ಅಂದ್ರೆ ಲೈಟ್ ಚೈನನ್ನೇ, ಹಿಡಿದಿತ್ತು. ಆ ದಿನ ಊಟ ಸೇರಲಿಲ್ಲ.

ಧಾರವಾಡದ ಮೇಡಂ: ಅದಕ್ಕೇ ಹೇಳೋದು, ಮೊಲದ ಪಾಲಿಕ್ಲೋನಲ್. ನಾವು ಕೊಳ್ಳಲೇ ಇಲ್ಲ, ಮಾಡಿಸಿದೆವು. ರ‍್ಯಾಟ್ ಬಿಎನ್‌ಪಿಯ ಒಂದು ತುದಿಯ ಪೆಪ್ಟೈಡ್, ಮೊಲದ ಪ್ರತಿರೋಧ ಕೆರಳಿಸೋ ಕೆಎಲ್‌ಎಚ್ ಅನ್ನೋ ದೊಡ್ಡ ಪ್ರೋಟೀನ್‌ಗೆ ಜೋಡಿಸಿದ್ದು. ನಡುವಿನ ಉಂಗುರ ಬೇಕಂತಲೇ ಬಿಟ್ಟೆವು. ಅದು ಎಎನ್‌ಪಿಯಲ್ಲೂ ಬಹುಪಾಲು ಹಾಗೇ ಇದೆ, ಅಲ್ಲಿಗೆ ಹೋದ ಆಂಟಿಬಾಡಿ ಎರಡನ್ನೂ ಹಿಡಿಯುತ್ತೆ. ಎಥಿಕ್ಸ್ ಸಮಿತಿಯ ಒಪ್ಪಿಗೆಗೆ ಐದು ತಿಂಗಳು. ಪೆಪ್ಟೈಡ್‌ಗೆ 28,000, ಮೊಲ ಎರಡು, ಬೂಸ್ಟರ್ ನಾಲ್ಕು. ಒಂದು ಮೊಲ ಏನೂ ಕೊಡಲಿಲ್ಲ. ಇನ್ನೊಂದರ ಸೀರಂ ಐದು ಸಾವಿರ ಪಟ್ಟು ತೆಳು ಮಾಡಿದರೂ ಹಿಡಿಯುತ್ತಿತ್ತು. ಮೂರು ಪೇಪರ್ ಅದರಲ್ಲೇ ಆಯಿತು.

ಬೆಂಗಳೂರಿನ ಪೋಸ್ಟ್‌ಡಾಕ್: ಮೇಡಂ, ಆ ಮೊಲ ಸತ್ತ ಮೇಲೆ? ನಿಮ್ಮ ಫಲಿತಾಂಶ ಬೇರೆಯವರು ಮತ್ತೆ ಮಾಡಿ ನೋಡೋದು ಹೇಗೆ? ನಿಮ್ಮ ಥೀಸಿಸ್ ಮುಗೀತು, ಹಿಂದೆ ಬಂದವರು ಏನು ಮಾಡಬೇಕು?

ಧಾರವಾಡದ ಮೇಡಂ: 200 ಮೈಕ್ರೋಲೀಟರ್ ಅಳತೆಯಲ್ಲಿ ಹಂಚಿ ಮೈನಸ್ 80ರಲ್ಲಿ ಇಟ್ಟಿದ್ದೇನೆ. ಕೇಳಿದವರಿಗೆ ಕೊಟ್ಟಿದ್ದೇನೆ. ಪ್ರೈಮರಿ ಇಲ್ಲದ ಕಂಟ್ರೋಲನ್ನು ಮೊದಲ ದಿನವೇ ಹಾಕಬೇಕಿತ್ತು, ಅದನ್ನ ಬಿಟ್ಟು ಮೊಲದ ಮೇಲೆ ಕೋಪ ಯಾಕೆ?

ಹುಬ್ಬಳ್ಳಿ, ಡಯಾಗ್ನೋಸ್ಟಿಕ್ ಲ್ಯಾಬ್: ಇಬ್ಬರೂ ಆಂಟಿಬಾಡಿ ಹಿಡಿದುಕೊಂಡು ಕೂತಿದ್ದೀರಿ. ಸ್ಯಾಂಪಲ್ ಕೆಟ್ಟಿದ್ರೆ ಯಾವ ಆಂಟಿಬಾಡಿ ಏನು ಮಾಡುತ್ತೆ? ಮನುಷ್ಯನ ದೇಹದಲ್ಲೇ ಬಿಎನ್‌ಪಿಯ ಅರ್ಧಾಯುಷ್ಯ ಸುಮಾರು 20 ನಿಮಿಷ. ನಮ್ಮಲ್ಲಿ ಹೊಸ ಹುಡುಗ ಒಂದು ವಾರ ಗಾಜಿನ ಟ್ಯೂಬ್‌ನಲ್ಲಿ ರಕ್ತ ತೆಗೆದ. ಗಾಜು ತಾಗಿದರೆ ಕ್ಯಾಲಿಕ್ರೀನ್ ಅನ್ನೋ ರಕ್ತದ ಎನ್‌ಜೈಮ್ ಎದ್ದು ಬಿಎನ್‌ಪಿಯನ್ನು ಕತ್ತರಿಸುತ್ತೆ. ಉಸಿರು ಕಟ್ಟಿ ಬಂದ ಅಜ್ಜನಿಗೆ 60 ಬಂತು, 100ರ ಕೆಳಗೆ, ಅಂದ್ರೆ ಹೃದಯ ಸೋತಿಲ್ಲ ಅನ್ನೋ ಲೆಕ್ಕ. ಎಕೋ ನೋಡಿದರೆ ಹೃದಯ ಪೂರ್ತಿ ಸೋತಿತ್ತು. ಆ ವಾರದ 41 ಸ್ಯಾಂಪಲ್ ಮತ್ತೆ ತೆಗೆಸಿದೆವು, ಪ್ಲಾಸ್ಟಿಕ್ ಇಡಿಟಿಎ ಟ್ಯೂಬ್‌ನಲ್ಲಿ, ನಮ್ಮ ಖರ್ಚಿನಲ್ಲಿ. ಈಗ ಎನ್‌ಟಿ-ಪ್ರೊಬಿಎನ್‌ಪಿ (ಪ್ರೊಬಿಎನ್‌ಪಿ ಕತ್ತರಿಸಿದಾಗ ಸಿಗೋ ಇನ್ನೊಂದು ತುಂಡು) ಬಿಟ್ಟು ಬೇರೆ ಮಾಡಲ್ಲ. ಸಾಕುಬಿಟ್ರಿಲ್ ಅನ್ನೋ ಹೃದಯದ ಔಷಧಿ ತಗೊಳ್ಳೋರಲ್ಲಿ ಬಿಎನ್‌ಪಿ ಏರುತ್ತೆ, ಇದು ಹಾಗೆ ಏರಲ್ಲ.

ಮಂಗಳೂರಿಂದ ಒಬ್ಬರು: ಸರ್, ಅದರಲ್ಲೂ ಗುಂಡಿ ಇದೆ. ಎನ್‌ಟಿ-ಪ್ರೊಬಿಎನ್‌ಪಿಯ ನಡುಭಾಗಕ್ಕೆ ಸಕ್ಕರೆ ಅಂಟಿರುತ್ತೆ. ಅಲ್ಲಿ ಕೂರುವ ಆಂಟಿಬಾಡಿ ಕಮ್ಮಿ ತೋರಿಸುತ್ತೆ. ಸಕ್ಕರೆ ಬಿಡಿಸುವ ಎನ್‌ಜೈಮ್ ಹಾಕಿದಾಗ ನಮ್ಮ ಅದೇ ಸ್ಯಾಂಪಲ್ ಎಷ್ಟೋ ಜಾಸ್ತಿ ಬಂತು. ಅಲ್ಲದೆ ನಿಮ್ಮ ಕಿಟ್ ಮನುಷ್ಯರದು. ಕೇಳಿದವರದು ರ‍್ಯಾಟ್.

ಹುಬ್ಬಳ್ಳಿ, ಡಯಾಗ್ನೋಸ್ಟಿಕ್ ಲ್ಯಾಬ್: ದಿನಕ್ಕೆ ಮೂವತ್ತು ರೋಗಿಗಳ ರಿಪೋರ್ಟ್‌ಗೆ ಸಹಿ ಹಾಕ್ತೀನಿ ನಾನು. ಗುಂಡಿ ಎಲ್ಲಿದೆ ಅಂತ ಗೊತ್ತು.

ತುಮಕೂರಿನ ಎಂಎಸ್ಸಿ ವಿದ್ಯಾರ್ಥಿನಿ: ನನ್ನದು ಅಜೈಡ್‌ನಿಂದ ಹೋಯ್ತು. ಕೆಡದಿರಲಿ ಅಂತ ಸೀನಿಯರ್ ಎಚ್‌ಆರ್‌ಪಿ (ಬಣ್ಣ ಬರಿಸೋ ಎನ್‌ಜೈಮ್) ಹಚ್ಚಿದ ಆಂಟಿಬಾಡಿಗೇ ಸೋಡಿಯಂ ಅಜೈಡ್ ಹಾಕಿಟ್ಟಿದ್ದರು. ಅದು ಎಚ್‌ಆರ್‌ಪಿಯನ್ನೇ ಕಟ್ಟಿಹಾಕುತ್ತೆ. ಆರು ಪ್ಲೇಟ್ ಬಿಳಿಯಾಗೇ ಉಳಿದವು. ಎಚ್‌ಆರ್‌ಪಿ ನೀಲಿ ಮಾಡೋ ಟಿಎಂಬಿ ದ್ರಾವಣ ಹಾಕಿ ಒಂದೊಂದು ಬಾವಿಯಲ್ಲೂ ನೀಲಿ ಬರುತ್ತಾ ಅಂತ ಬಗ್ಗಿ ನೋಡ್ತಾ ಕೂರ್ತಿದ್ದೆ.

ಬೆಂಗಳೂರಿನ ಪೋಸ್ಟ್‌ಡಾಕ್: ಅಜೈಡ್ ಹಾಕದೆ ಇಟ್ಟರೆ ಬೂಸ್ಟು ಹಿಡಿಯುತ್ತೆ, ನನಗೂ ಹಾಗಾಗಿದೆ.

ಧಾರವಾಡದ ಮೇಡಂ: ಅರ್ಧ ಗ್ಲಿಸರಾಲ್ ಹಾಕಿ ಮೈನಸ್ 20ರಲ್ಲಿ ಇಡಿ, ಹಿಡಿಯಲ್ಲ. ಹತ್ತು ವರ್ಷದಿಂದ ಇಡ್ತಿದ್ದೇನೆ.

ಬೆಂಗಳೂರಿನ ಪೋಸ್ಟ್‌ಡಾಕ್: ನಮ್ಮಲ್ಲಿ ರಾತ್ರಿ ಕರೆಂಟ್ ಹೋಗಿ ಫ್ರೀಜರ್ ನಿಂತಿತ್ತು ಮೇಡಂ. ಗ್ಲಿಸರಾಲ್ ಏನು ಮಾಡುತ್ತೆ?

ಪ್ರಶ್ನೆ ಕೇಳಿದವಳು: ನನ್ನ ಹಳೇ ಬ್ಲಾಟ್‌ನಲ್ಲೂ 25ರ ಹತ್ತಿರ ಒಂದು ಬ್ಯಾಂಡ್ ಇದೆ. ಈಗ ಪ್ರೈಮರಿ ಇಲ್ಲದೆ ಮತ್ತೆ ಓಡಿಸ್ತಿದ್ದೇನೆ. ಮೇಡಂ, ನಿಮ್ಮ ಸೀರಂ ಒಂದು ಟ್ಯೂಬ್ ಸಿಗುತ್ತಾ? ಐಸ್ ಡಬ್ಬಿ ತಗೊಂಡು ಧಾರವಾಡಕ್ಕೆ ನಾನೇ ಬರ್ತೀನಿ.