ಹಾಡು ಹಾಕಿದರೆ ಸಬ್‌ವೂಫರ್ ಸುಮ್ಮನೆ, ಸಿನಿಮಾಗೆ ಮಾತ್ರ ಗುಡುಗು. ಏನು ಮಾಡಲಿ?

ಸಾಗರದವ:
ಎಲ್ಲರಿಗೂ ನಮಸ್ಕಾರ. ನಮ್ಮ ಹಾಲ್ 14 ಅಡಿ ಉದ್ದ, 11 ಅಡಿ ಅಗಲ. ಹೋದ ತಿಂಗಳು 5.1 ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ತಂದೆ. ಮುಂದಿನ ಸ್ಪೀಕರ್‌ಗಳಲ್ಲಿ 5 ಇಂಚಿನ ವೂಫರ್ (ದಪ್ಪ ಸದ್ದು ನುಡಿಸುವ ಭಾಗ) ಇದೆ. ತೀರಾ ತಗ್ಗಿನ ಸದ್ದಿಗೆಂದೇ ಇರುವ ಸಬ್‌ವೂಫರ್, ಅಂದರೆ ಸಬ್, 10 ಇಂಚಿನದು, ಟಿವಿ ಪಕ್ಕದ ಮೂಲೆಯಲ್ಲಿದೆ. ಅಂಗಡಿಯವರೇ ಬಂದು ಜೋಡಿಸಿ ಹೋದರು. ಸಿನಿಮಾದಲ್ಲಿ ಬಾಂಬ್ ಬಿದ್ದರೆ ಕಿಟಕಿ ಗಾಜು ಅದುರುತ್ತದೆ. ಆದರೆ ಊರ ಜಾತ್ರೆಯಲ್ಲಿ ನಾನೇ ರೆಕಾರ್ಡರ್‌ನಲ್ಲಿ ಹಿಡಿದ ಡೊಳ್ಳು ಕುಣಿತ ಹಾಕಿದರೆ ಸಬ್ ಉಸಿರೇ ಬಿಡುವುದಿಲ್ಲ. ಡೊಳ್ಳು ತಗಡಿನ ಡಬ್ಬಿ ಬಡಿದ ಹಾಗಿರುತ್ತದೆ. ಅದರಲ್ಲಿ ಡೊಳ್ಳು ಬಾರಿಸಿದವರಲ್ಲಿ ನಮ್ಮ ಅಪ್ಪನೂ ಒಬ್ಬರು. ಅದು ಚೆನ್ನಾಗಿ ಕೇಳಬೇಕು ಅಂತಲೇ ಇಷ್ಟು ಖರ್ಚು ಮಾಡಿದ್ದು. ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ರಿಸೀವರ್‌ನಲ್ಲಿ ಸ್ಪೀಕರ್‌ಗಳೆಲ್ಲ ‘ಲಾರ್ಜ್’ ಅಂತಿವೆ. ಸಬ್ ಹಿಂದಿನ ಕ್ರಾಸೋವರ್ ನಾಬ್ (ಎಷ್ಟು ಹರ್ಟ್ಸ್‌ಗಿಂತ ಕೆಳಗಿನ ಸದ್ದು ಸಬ್ ನುಡಿಸಬೇಕು ಅನ್ನುವ ಗಡಿ) 60ರಲ್ಲಿದೆ. ಸಬ್ ಕೆಟ್ಟಿದೆಯಾ?

ಹಳೇ ಆಂಪ್:
ಕೆಟ್ಟಿಲ್ಲ ಸರ್, ಗಾಬರಿ ಬೇಡ. ‘ಲಾರ್ಜ್’ ಅಂದರೆ ರಿಸೀವರ್‌ಗೆ "ಈ ಸ್ಪೀಕರ್ ಎಲ್ಲ ಬೇಸ್ ತಾನೇ ನುಡಿಸುತ್ತೆ, ಸಬ್‌ಗೆ ಕಳಿಸಬೇಡ" ಅಂತ ಹೇಳಿದ ಹಾಗೆ. ಸಿನಿಮಾದಲ್ಲಿ ದಪ್ಪ ಸದ್ದಿಗೇ ಎಲ್‌ಎಫ್‌ಇ ಅಂತ ಬೇರೆಯೇ ಒಂದು ಚಾನೆಲ್ ಇರುತ್ತದೆ, 5.1ರಲ್ಲಿ ಆ ‘.1’ ಅದೇ. ಅದು ನೇರ ಸಬ್‌ಗೆ ಹೋಗುತ್ತದೆ, ಅದಕ್ಕೇ ಬಾಂಬ್ ಕೇಳುತ್ತದೆ. ನಿಮ್ಮ ಡೊಳ್ಳು ಎರಡೇ ಚಾನೆಲ್‌ನ ಸ್ಟೀರಿಯೋ. ಅದರಲ್ಲಿ ಎಲ್‌ಎಫ್‌ಇ ಇಲ್ಲವೇ ಇಲ್ಲ. ಪಾಪ, ಆ 5 ಇಂಚಿನ ವೂಫರ್ ಒಂದೇ ಒದ್ದಾಡುತ್ತಿದೆ.

ಎಲ್ಲ ಸ್ಪೀಕರ್‌ಗಳನ್ನೂ ‘ಸ್ಮಾಲ್’ ಮಾಡಿ, ಆಗ ಅವುಗಳ ಬೇಸ್ ಸಬ್‌ಗೆ ಹೋಗುತ್ತದೆ. ರಿಸೀವರ್‌ನಲ್ಲಿ ಕ್ರಾಸೋವರ್ 80 ಹರ್ಟ್ಸ್ ಇಡಿ. 80ಕ್ಕಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬಂತು ಅಂತ ಕಿವಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ನಾನು ಒಮ್ಮೆ 150 ಇಟ್ಟಿದ್ದೆ, ಗಂಡಸರ ಮಾತೆಲ್ಲ ಮೂಲೆಯಿಂದ ಬರುತ್ತಿತ್ತು.

ಆ 60ರ ನಾಬ್ ಪೂರ್ತಿ ಮೇಲಕ್ಕೆ ತಿರುಗಿಸಿ, ಇದು ಮುಖ್ಯ. ಈಗಿರುವಂತೆ ಬಿಟ್ಟರೆ ರಿಸೀವರ್ 80ರಲ್ಲಿ ಕತ್ತರಿಸುತ್ತದೆ, ಸಬ್ 60ರಲ್ಲಿ ಮತ್ತೊಮ್ಮೆ ಕತ್ತರಿಸುತ್ತದೆ. 60ರಿಂದ 80ರ ನಡುವೆ ಗುಂಡಿ ಬೀಳುತ್ತದೆ. ‘ಎಲ್‌ಪಿಎಫ್ ಆಫ್ ಎಲ್‌ಎಫ್‌ಇ’ (ಎಲ್‌ಎಫ್‌ಇ ಚಾನೆಲ್‌ನ ಮೇಲಿನ ಗಡಿ) ಅಂತ ಇದ್ದರೆ 120ರಲ್ಲೇ ಇರಲಿ, ಅದನ್ನೂ 80 ಮಾಡಬೇಡಿ.

ಮೈಸೂರು ಮಲ್ಲಿಗೆ:
ಆಮೇಲೆ ಮೈಕ್ ಇಟ್ಟು ಆಟೋ ಸೆಟಪ್ (ರಿಸೀವರ್ ತಾನೇ ಸದ್ದು ಅಳೆದು ಹೊಂದಿಸಿಕೊಳ್ಳುವುದು) ಮತ್ತೆ ಓಡಿಸಿ. ಮುಗಿದ ಮೇಲೆ ‘ಲಾರ್ಜ್’ಗೆ ವಾಪಸ್ ಹೋಗಿದೆಯಾ ನೋಡಿ, ನಮ್ಮನೆಯಲ್ಲಿ ಪ್ರತಿ ಸಲ ಹೋಗುತ್ತದೆ. ಸಬ್ ದೂರ ಟೇಪ್ ಹಿಡಿದಿದ್ದಕ್ಕಿಂತ ಜಾಸ್ತಿ ತೋರಿಸಿದರೆ ತಿದ್ದಬೇಡಿ. ಸಬ್ ಒಳಗೆ ಆಗುವ ವಿಳಂಬವನ್ನೂ ಅದು ಲೆಕ್ಕ ಹಿಡಿದಿರುತ್ತದೆ.

ಸಾಗರದವ:
ನಿನ್ನೆ ಮಾಡಿದೆ ಸರ್. ಡೊಳ್ಳಿನ ದಪ್ಪ ಮಗ್ಗುಲಿನ ಸದ್ದು ಈಗ ಬಂತು! ಆದರೆ ಅಪ್ಪ ಹಿಂದಿನ ಗೋಡೆಗೆ ಆನಿಸಿದ ಸೋಫಾದಲ್ಲಿ ಕೂರುತ್ತಾರೆ. ಅಲ್ಲಿ ಒಂದೇ ಸಮನೆ ‘ಗುಂಯ್’ ಅನ್ನುತ್ತದೆ. ಎರಡು ಹೆಜ್ಜೆ ಮುಂದೆ ಬಂದರೆ ಇಲ್ಲ.

ಹಳೇ ಆಂಪ್:
ಅದು ಕೋಣೆಯ ಕೆಲಸ, ಕ್ರಾಸೋವರ್‌ದಲ್ಲ. 14 ಅಡಿ ಉದ್ದಕ್ಕೆ ಸುಮಾರು 40 ಹರ್ಟ್ಸ್ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆ ಹತ್ತಿರ ಅದರ ಒತ್ತಡ ಅತಿ ಜಾಸ್ತಿ. ಸೋಫಾ ಒಂದೂವರೆ ಎರಡು ಅಡಿ ಮುಂದೆ ತನ್ನಿ. ಸಬ್ಬನ್ನೂ ಮೂಲೆಯಿಂದ ಹೊರಗೆ ತೆಗೆಯಿರಿ. ಜಾಗ ಹುಡುಕಲು ಸಬ್ಬನ್ನೇ ಅಪ್ಪ ಕೂರುವ ಜಾಗದಲ್ಲಿಟ್ಟು ಡೊಳ್ಳು ಹಾಕಿ. ನೀವು ಗೋಡೆಗುಂಟ ಅಂಬೆಗಾಲಿಟ್ಟು ಹೋಗಿ ಕೇಳಿ. ಪೆಟ್ಟು ಪೆಟ್ಟೂ ಬಿಡಿಬಿಡಿಯಾಗಿ ಕೇಳುವ ಕಡೆ ಸಬ್ ಇಡಿ. ಜಾಗ ಬದಲಾದ ಮೇಲೆ ಸೆಟಪ್ ಮತ್ತೊಮ್ಮೆ ಓಡಿಸಿ.

ಸಾಗರದವ:
ಸಬ್ ಈಗ ಟಿವಿ ಸ್ಟ್ಯಾಂಡಿನ ಎಡಕ್ಕೆ, ಮೂಲೆಯಿಂದ ಮೂರು ಅಡಿ ದೂರ. ಗುಂಯ್ ತುಂಬಾ ಕಡಿಮೆ ಆಗಿದೆ. ಅಪ್ಪ ಪೂರ್ತಿ ಕೇಳಿ, ಎರಡನೇ ಸಾಲಿನಲ್ಲಿ ಯಾರು ತಾಳ ತಪ್ಪಿದರು ಅಂತ ಹೇಳಿದರು.