ದರಕು ತರಿಸುವ ಮೊದಲು ಮನೆಯವರೆಲ್ಲ ಕೇಳಬೇಕಾದ ಮಾತು

ದೊಡ್ಡಪ್ಪ, ನಮಸ್ಕಾರ. ಮುಂದಿನ ವಾರ ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಕೊಟ್ಟಿಗೆಗೆ ಹಾಸುವ ಒಣಗಿದ ಎಲೆ, ತರಿಸುವುದಿದೆ, ಮಂಗನ ಕಾಯಿಲೆಯ ಸುದ್ದಿ ಕೇಳಿಬರುತ್ತಿದೆ, ಹೋಗಬಹುದೇ ಎಂದು ನೀವು ಬೆಳಿಗ್ಗೆ ಕೇಳಿದ್ದೀರಿ. ದಿನಾ ಕಷಾಯ ಕುಡಿದು ಕೊಟ್ಟಿಗೆಗೆ ಹೊಗೆ ಹಾಕಿದರೆ ಸಾಕು ಎಂಬ ಸಂದೇಶವನ್ನು ಭಾವ ಅದರ ಕೆಳಗೆ ಕಳಿಸಿದ್ದಾರೆ. ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುವ ವಿಷಯ ಇದಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಭಾವನಿಗೆ. ಕಷಾಯ ಕುಡಿಯುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಅದರಿಂದ ಈ ಕಾಯಿಲೆ ತಡೆಯುವುದಿಲ್ಲ. ಇದು ವೈರಾಣುವಿನಿಂದ ಬರುವ ಜ್ವರ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಮೊದಲು ಪತ್ತೆಯಾಯಿತು. ಹೆಸರಿನಲ್ಲಿ ಮಂಗ ಇದ್ದರೂ ನಮಗೆ ಕಾಯಿಲೆಯನ್ನು ಅಂಟಿಸುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಸೋಂಕು ತಗುಲಿದ ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗುಗಳು ಸುತ್ತಲಿನ ನೆಲಕ್ಕೆ ಉದುರಿ, ಒಣಗಿದ ಎಲೆಗಳ ನಡುವೆ ಅಡಗಿ, ಮುಂದೆ ಬರುವ ದನಕ್ಕೋ ಮನುಷ್ಯನಿಗೋ ಹತ್ತಿಕೊಳ್ಳುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ, ಆದ್ದರಿಂದ ಕಾಯಿಲೆ ಬಂದ ಮನೆಯವರನ್ನು ದೂರ ಇಡುವುದು ತಪ್ಪು.

ನಮ್ಮ ಕಷ್ಟವೆಂದರೆ, ಉಣುಗಿನ ಮರಿಗಳು ಹೆಚ್ಚಾಗಿ ಓಡಾಡುವ ಕಾಲವೂ ನಾವು ದರಕು ಒಟ್ಟುವ ಕಾಲವೂ ಒಂದೇ ಆಗಿರುವುದು. ನವೆಂಬರ್‌ನಿಂದ ಮೇ ತನಕ ಅಪಾಯದ ಅವಧಿ. ಈ ಮರಿ ಎಳ್ಳಿನ ಕಾಳಿನಷ್ಟೇ ಇರುತ್ತದೆ. ಕಚ್ಚಿದಾಗ ನೋವೂ ತಿಳಿಯುವುದಿಲ್ಲ. ದರಕಿನ ಹೊರೆಯನ್ನು ತಲೆಯ ಮೇಲೆ ಹೊತ್ತು ತಂದವರ ಕುತ್ತಿಗೆಗೆ, ಕಿವಿಯ ಹಿಂದಕ್ಕೆ, ಕಂಕುಳಿಗೆ ಅದು ಸೇರಿಕೊಂಡಿರುತ್ತದೆ. ಆ ಹೊರೆ ಕೊಟ್ಟಿಗೆಗೆ ಬಂದರೆ ಬೆಟ್ಟಕ್ಕೆ ಕಾಲಿಡದ ದೊಡ್ಡಮ್ಮನಿಗೂ ಅದು ಹತ್ತಬಹುದು.

ಆದ್ದರಿಂದ ನನ್ನ ಉತ್ತರ ಹೀಗಿದೆ. ಆ ಬೆಟ್ಟದಲ್ಲಾಗಲಿ ಅದರ ಸುತ್ತಮುತ್ತಲಾಗಲಿ ಮಂಗ ಸತ್ತ ಸುದ್ದಿ ಇದ್ದರೆ ಈ ವರ್ಷ ದರಕು ಬೇಡವೇ ಬೇಡ. ಕೊಟ್ಟಿಗೆಗೆ ತೋಟದ ಸೋಗೆ, ಅಡಿಕೆ ಸಿಪ್ಪೆ, ಹುಲ್ಲು ಹಾಕಿ ನಿಭಾಯಿಸಿ. ಗೊಬ್ಬರ ಸ್ವಲ್ಪ ಕಡಿಮೆಯಾದರೆ ಆಗಲಿ. ಸತ್ತ ಮಂಗ ಕಣ್ಣಿಗೆ ಬಿದ್ದರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಯವರಿಗೋ ತಕ್ಷಣ ತಿಳಿಸಿ. ಅಂಥ ಸುದ್ದಿ ಇಲ್ಲದಿದ್ದರೂ, ಹೋಗುವವರು ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ, ಆರೋಗ್ಯ ಇಲಾಖೆಯವರು ಉಚಿತವಾಗಿ ಕೊಡುವ, ಉಣುಗನ್ನು ದೂರವಿಡುವ ಡೇಪಾ ಎಣ್ಣೆಯನ್ನು ಕೈಕಾಲು ಮತ್ತು ಕುತ್ತಿಗೆಗೆ ಸವರಿಕೊಂಡೇ ಹೊರಡಲಿ. ಬೆಟ್ಟದಲ್ಲಿ ಎಲೆಯ ಮೇಲೆ ಕುಳಿತು ಕವಳ ಹಾಕುವ ಅಭ್ಯಾಸವನ್ನು ಈ ಕೆಲವು ತಿಂಗಳಾದರೂ ಬಿಡಬೇಕು.

ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಬೇಕು. ಸ್ನಾನ ಮಾಡುವಾಗ ಮೊಣಕಾಲ ಹಿಂಭಾಗ, ಸೊಂಟ, ಕಂಕುಳು, ಕೂದಲಿನ ಬುಡ ಇವನ್ನೆಲ್ಲ ಬೆರಳಿನಿಂದ ತಡವಿ ನೋಡಬೇಕು. ಬೆನ್ನನ್ನು ಮನೆಯವರು ನೋಡಲಿ. ಉಣುಗು ಸಿಕ್ಕರೆ ಸುಣ್ಣ, ಸೀಮೆಎಣ್ಣೆ ಹಚ್ಚುವುದಾಗಲಿ, ಊದುಬತ್ತಿಯಿಂದ ಸುಡುವುದಾಗಲಿ ಬೇಡ. ಸಣ್ಣ ಚಿಮಟಿಗೆಯಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೆಟ್ಟಗೆ, ನಿಧಾನವಾಗಿ ಎಳೆದು ತೆಗೆಯಿರಿ. ಅದನ್ನು ಉಗುರಿನಿಂದ ಹಿಸುಕಬೇಡಿ. ಆಮೇಲೆ ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ.

ಇನ್ನು ಜ್ವರದ ವಿಷಯ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಚಳಿಜ್ವರ, ವಿಪರೀತ ತಲೆನೋವು, ಸೊಂಟ ಮತ್ತು ಮೀನಖಂಡದ ನೋವು ಒಮ್ಮೆಲೇ ಶುರುವಾಗುತ್ತದೆ; ಕಣ್ಣು ಕೆಂಪಾಗಬಹುದು, ವಾಂತಿ ಭೇದಿ ಆಗಬಹುದು, ಕೆಲವರಿಗೆ ಮೂಗು ಅಥವಾ ವಸಡಿನಿಂದ ರಕ್ತ ಬರಬಹುದು. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂವರಿಂದ ಐವರು ತೀರಿಕೊಳ್ಳುತ್ತಾರೆ. ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ, ಹಿಂದೆ ಕೊಡುತ್ತಿದ್ದ ಲಸಿಕೆಯೂ 2022ರಿಂದ ನಿಂತಿದೆ. ಹಾಗಾಗಿ ಬೇಗ ರಕ್ತ ಪರೀಕ್ಷೆ ಮಾಡಿಸಿ, ದೇಹದಲ್ಲಿ ನೀರಿನಂಶ ಇಳಿಯದಂತೆ, ರಕ್ತಸ್ರಾವವಾಗದಂತೆ ನೋಡಿಕೊಳ್ಳುವುದರಿಂದಲೇ ಜೀವ ಉಳಿಯಬೇಕು. ಬೆಟ್ಟಕ್ಕೆ ಹೋದವರಿಗೆ ಜ್ವರ ಬಂದರೆ ಮೊದಲ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಬೆಟ್ಟಕ್ಕೆ ಹೋಗಿದ್ದನ್ನು ನೀವಾಗಿಯೇ ವೈದ್ಯರಿಗೆ ಹೇಳಿ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ತಂದು ನುಂಗಬೇಡಿ, ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ವೈದ್ಯರನ್ನು ಕಾಣುವ ತನಕ ಪ್ಯಾರಾಸಿಟಮಾಲ್ ಸಾಕು.

ಜ್ವರ ಇಳಿದ ಮೇಲೂ ಮೈಮರೆಯುವಂತಿಲ್ಲ. ಹತ್ತರಲ್ಲಿ ಒಬ್ಬಿಬ್ಬರಿಗೆ, ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ, ಒಂದೆರಡು ವಾರ ಬಿಟ್ಟು ಜ್ವರ ಮರುಕಳಿಸುತ್ತದೆ. ಆಗ ಕುತ್ತಿಗೆ ಬಿಗಿಯುವುದು, ಕೈ ನಡುಗುವುದು, ಮಾತು ತೊದಲುವುದು, ಗೊಂದಲ ಕಾಣಬಹುದು. ಗುಣವಾದವರು ಮೂರು ವಾರವಾದರೂ ತೋಟದ ಕೆಲಸಕ್ಕೆ ಇಳಿಯದೆ ವಿಶ್ರಾಂತಿಯಲ್ಲಿರಲಿ.

ಕೊನೆಯದಾಗಿ, ಹೊರೆ ಹೊರುವವರು ಹೆಚ್ಚಾಗಿ ಕೆಲಸಕ್ಕೆ ಬರುವ ಆಳುಗಳೇ. ಎಣ್ಣೆಯ ಬಾಟಲಿಯನ್ನು ಮೊದಲು ಅವರ ಕೈಗೆ ಕೊಡಿ, ಸಂಜೆ ಸ್ನಾನಕ್ಕೆ ನಮ್ಮ ಬಚ್ಚಲಿನಲ್ಲೇ ಬಿಸಿನೀರು ಕಾಯಿಸಿಡಿ. ಅವರಲ್ಲಿ ಯಾರಾದರೂ ಮರುವಾರ ಕೆಲಸಕ್ಕೆ ಬಾರದಿದ್ದರೆ ಮನೆಗೇ ಹೋಗಿ ಜ್ವರವೇ ಎಂದು ವಿಚಾರಿಸಿ, ಆಸ್ಪತ್ರೆಗೆ ಕರೆದೊಯ್ಯಲು ನಮ್ಮ ಜೀಪನ್ನೇ ಕಳಿಸಿ.